ಪ್ಲೂಟೋದಲ್ಲಿ ಬೀಗರು

ಮದುವೆಯ ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಎಲ್ಲಿ ಬರಬೇಕು ಎಂಬ ವಿಷಯದಲ್ಲಿ ಇಡೀ ನಂಜನಗೂಡು ತಾಲ್ಲೂಕಿನಲ್ಲಿ ಚಿಕ್ಕಸ್ವಾಮಿಯನ್ನು ಮೀರಿಸುವವರಿಲ್ಲ ಎಂದು ಸ್ವತಃ ಚಿಕ್ಕಸ್ವಾಮಿಯೇ ಹೇಳುತ್ತಿದ್ದ. ಬೇರೆಯವರೂ ಹಾಗೆ ಹೇಳುತ್ತಾರೆಯೇ ಎಂದು ವಿಚಾರಿಸಲು ಅವನಿಗೆ ಪುರುಸೊತ್ತಿರಲಿಲ್ಲ. ಆರ್.ಪಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿ ಅವನದೊಂದು ಪ್ರಿಂಟಿಂಗ್ ಪ್ರೆಸ್ಸು. ಚಿಕ್ಕಯ್ಯನಛತ್ರದಿಂದಲೋ ಬದನವಾಳಿನಿಂದಲೋ ಮದುವೆ ಮನೆಯವರು ಬಂದು, ಮಾತು ಬಿಟ್ಟಿರುವ ಚಿಕ್ಕಪ್ಪನ ಹೆಸರು ಹಾಕಿದರೆ ಅಪ್ಪ ಮುನಿಸಿಕೊಳ್ಳುತ್ತಾರೆ, ಹಾಕದಿದ್ದರೆ ಅಜ್ಜಿ ಊಟ ಬಿಡುತ್ತಾರೆ ಎಂದು ತಲೆ ಮೇಲೆ ಕೈ ಹೊತ್ತು ಕೂತರೆ, ಚಿಕ್ಕಸ್ವಾಮಿ ಕನ್ನಡಕವನ್ನು ಹಣೆಗೇರಿಸಿ ಒಂದು ಕ್ಷಣ ಯೋಚಿಸಿ ತೀರ್ಪು ಕೊಡುತ್ತಿದ್ದ. "ಚಿಕ್ಕಪ್ಪನ್ನ ಮೇಲ್ಗಡೆ ಹಾಕಣ. ಆದ್ರೆ ಸಣ್ಣಕ್ಷರದಲ್ಲಿ." ಬಂದವರು ಸಮಾಧಾನವಾಗಿ ಎದ್ದು ಹೋಗುತ್ತಿದ್ದರು.

ಈ ವಿದ್ಯೆಗೆಲ್ಲ ತಳಹದಿಯಾಗಿ ಅವನದೊಂದು ಸಿದ್ಧಾಂತವಿತ್ತು. ಹೆಸರಿನ ಸುತ್ತ ಎಷ್ಟು ಖಾಲಿ ಜಾಗವೋ ಅಷ್ಟು ಮರ್ಯಾದೆ. ಹತ್ತು ಹೆಸರಿನ ನಡುವೆ ತುರುಕಿದರೆ ಎಂಥ ದೊಡ್ಡ ಮನುಷ್ಯನೂ ಗುಂಪಿನಲ್ಲಿ ಗೋವಿಂದ. ಪುಟದ ಕಟ್ಟಕಡೆಯಲ್ಲಿ, ನಾಲ್ಕು ಕಡೆಯೂ ಧಾರಾಳವಾಗಿ ಜಾಗ ಬಿಟ್ಟು ಒಂಟಿಯಾಗಿ ಕೂರಿಸಿದ ಹೆಸರಿದೆಯಲ್ಲ, ಅದೇ ಗಣ್ಯರ ಹೆಸರು. ಇಷ್ಟು ವರ್ಷ ಊರವರ ಮದುವೆಗಳನ್ನು ಉಳಿಸಿದ ಈ ಸಿದ್ಧಾಂತ ಅವನ ಮಗಳ ಮದುವೆಯನ್ನೇ ಮುರಿಯುವ ಮಟ್ಟಕ್ಕೆ ಬಂದದ್ದು ಹೇಗೆ ಎಂದರೆ, ಅದಕ್ಕೆ ಸೌರವ್ಯೂಹವೇ ಕಾರಣ ಎಂದು ಅವನು ಇವತ್ತಿಗೂ ವಾದಿಸುತ್ತಾನೆ.

ಮಗಳು ಕೋಮಲ ಹದಿನಾರು ಗ್ರಾಮದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಹುಡುಗ ದೀಪಕ್ ಟಿ. ನರಸೀಪುರದ ಹತ್ತಿರದ ಇನ್ನೊಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೈಸೂರಿನಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಕಂಪ್ಯೂಟರಿನೊಳಗೆ ಸೌರವ್ಯೂಹ ಸುತ್ತುವ ಆಟವೊಂದನ್ನು ಕಲಿಸಲು ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದರು. ನೆಪ್ಚೂನ್ ತಲುಪುವ ಹೊತ್ತಿಗೆ ಇಬ್ಬರೂ ಒಪ್ಪಿಕೊಂಡಾಗಿತ್ತು. ಆಮೇಲೆ ಈ ಸಂಬಂಧವನ್ನು ಕುದುರಿಸಿದ್ದು ತಾವೇ ಎಂದು ಹೇಳಿಕೊಂಡು ಓಡಾಡುವ ಅವಕಾಶವನ್ನು ಎರಡೂ ಮನೆಯ ದೊಡ್ಡವರಿಗೆ ಬಿಟ್ಟುಕೊಟ್ಟಿದ್ದರು. ಹುಡುಗನ ಅಪ್ಪ ಗುರುಮಲ್ಲಪ್ಪನವರು ಗದ್ದೆ ತೋಟ ಇದ್ದ ಕುಳ, ಡೈರಿಯ ಮಾಜಿ ಅಧ್ಯಕ್ಷರು, ಮಗ ಪಾಠ ಮಾಡುವ ಸ್ಕೂಲಿನ ಸಮಿತಿಗೆ ಹಾಲಿ ಅಧ್ಯಕ್ಷರು. ಬೀದಿಯಲ್ಲಿ ಅವರು ನಡೆದು ಬರುವಾಗ ಎದ್ದು ನಿಲ್ಲದವರ ಮುಖವನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ಸ್ವಭಾವ. ಎಲೆ ಅಡಿಕೆ ಬದಲಾಯಿಸಿ ಮಾತು ಗಟ್ಟಿ ಮಾಡುವ ವೀಳ್ಯಶಾಸ್ತ್ರಕ್ಕೆ ದಿನವೂ ಗೊತ್ತಾಗಿತ್ತು.

ಒಂದು ಭಾನುವಾರ ಕೋಮಲ ಉತ್ತರ ಪತ್ರಿಕೆ ತಿದ್ದುತ್ತಾ ನಿಟ್ಟುಸಿರು ಬಿಟ್ಟಳು.

"ಏನಮ್ಮ?" ಎಂದ ಚಿಕ್ಕಸ್ವಾಮಿ.

"ಮಕ್ಕಳಿಗೆ ಗ್ರಹಗಳ ಹೆಸರೇ ನಿಲ್ಲಲ್ಲ ಅಪ್ಪ. ಆಟದಲ್ಲಿ ರಾಕೆಟ್ ಹತ್ತಿಸಿ ಎಲ್ಲ ಕಡೆ ಸುತ್ತಿಸ್ಕೊಂಡು ಬಂದಿದೀನಿ. ಗುರುಗ್ರಹದ ಚಂದ್ರರ ಹೆಸರು ಬರೀರಿ ಅಂದ್ರೆ ಅಶ್ವಿನಿ, ಭರಣಿ ಅಂತ ಮಳೆ ನಕ್ಷತ್ರ ಬರ್ದಿದಾರೆ."

"ಗುರುತು ಪರಿಚಯ ಇಲ್ದೋರ ಹೆಸರು ಯಾರಿಗೆ ತಾನೇ ನಿಲ್ಲುತ್ತೆ? ಗೊತ್ತಿರೋರ ಹೆಸರು ಹಾಕು, ಒಂದೇ ದಿನದಲ್ಲಿ ಬಾಯಿಪಾಠ ಆಗುತ್ತೆ."

"ಅಪ್ಪ, ಇದು ಸೌರವ್ಯೂಹ. ಲಗ್ನಪತ್ರಿಕೆ ಅಲ್ಲ."

ಹೀಗೆಂದು ಅವಳು ರವಿಕೆ ಅಳತೆ ಕೊಡಲು ಪಕ್ಕದ ಮನೆಯ ಟೈಲರ್ ರಾಣಿಯ ಹತ್ತಿರ ಹೋದಳು. ಲ್ಯಾಪ್‌ಟಾಪು ತೆರೆದೇ ಇತ್ತು. ಅದರಲ್ಲಿ ನಡುವೆ ಸೂರ್ಯ, ಸುತ್ತ ಗ್ರಹಗಳು ತಿರುಗುತ್ತಿದ್ದವು. ಯಾವುದರ ಮೇಲೆ ಒತ್ತಿದರೂ ಹೆಸರು ಬರೆಯಲು ಒಂದು ಚಿಕ್ಕ ಚೌಕ ತೆರೆದುಕೊಳ್ಳುತ್ತಿತ್ತು. ಖಾಲಿ ಚೌಕ ಕಂಡರೆ ಹೆಸರು ತುಂಬದೆ ಬಿಡುವ ಜಾತಿಯಲ್ಲ ಚಿಕ್ಕಸ್ವಾಮಿ. ಅವನು ಕುರ್ಚಿ ಎಳೆದುಕೊಂಡು ಕೂತ.

ಮೇಲೆ ದೇವರ ಹೆಸರಿಲ್ಲದೆ ಅವನು ಯಾವತ್ತೂ ಯಾವ ಪತ್ರಿಕೆಯನ್ನೂ ಅಚ್ಚು ಹಾಕಿದವನಲ್ಲ. ಆದ್ದರಿಂದ ಸೂರ್ಯನಿಗೆ "ಶ್ರೀ ಶ್ರೀಕಂಠೇಶ್ವರ ಪ್ರಸನ್ನ" ಎಂದು ಹಾಕಿದ. ಥಳಥಳ ಹೊಳೆಯುವ ಶುಕ್ರನನ್ನು ಅಕ್ಕ ಶಿವನಂಜಮ್ಮನಿಗೆ ಕೊಟ್ಟ. ಭೂಮಿಗೆ "ನಾವು ಮನೆಯವರು" ಎಂದು ಬರೆದ. ಗುರುಗ್ರಹ ಎಲ್ಲಕ್ಕಿಂತ ದೊಡ್ಡದು, ಸುತ್ತ ಬೇಕಾದಷ್ಟು ಚಂದ್ರರು. ಅದು "ಸಮಸ್ತ ಬಂಧುಮಿತ್ರರು" ಆಯಿತು. ಶನಿಗೆ ಯಾರ ಹೆಸರು ಹಾಕಿದರೂ ಪ್ರೆಸ್ಸಿನ ಹೆಂಚು ಉಳಿಯುವುದಿಲ್ಲವೆಂದು ಅದನ್ನು ಮುಟ್ಟಲಿಲ್ಲ. ಯುರೇನಸ್ ನೋಡಲು ತಿಳಿನೀಲಿ, ಸೌಮ್ಯವಾಗಿತ್ತು. ಅದನ್ನು ಹೆಂಡತಿಯ ತಮ್ಮ ರಂಗನಾಯಕನಿಗೆ ಕೊಟ್ಟ.

ಉಳಿದದ್ದು ಬೀಗರು. ಅವರನ್ನು ಎಲ್ಲರ ಜೊತೆ ಸೇರಿಸಿ ಹಾಕುವುದುಂಟೇ? ಅವನು ಪರದೆಯನ್ನು ದೂರ ದೂರಕ್ಕೆ ಸರಿಸುತ್ತಾ ಹೋದ. ನೆಪ್ಚೂನ್ ಆದ ಮೇಲೆ ಬರೀ ಕತ್ತಲು. ಆ ಕತ್ತಲ ಕಟ್ಟಕಡೆಯಲ್ಲಿ, ಸುತ್ತ ಕೋಟಿಗಟ್ಟಲೆ ಮೈಲಿ ಖಾಲಿ ಜಾಗ ಬಿಟ್ಟುಕೊಂಡು, ಪ್ಲೂಟೋ ಎಂಬುದೊಂದು ಒಂಟಿಯಾಗಿ ಕೂತಿತ್ತು. ಇಷ್ಟು ಜಾಗ ಬಿಟ್ಟು ಯಾವ ಮಂತ್ರಿಯ ಹೆಸರನ್ನೂ ಅವನು ಇದುವರೆಗೆ ಅಚ್ಚು ಹಾಕಿರಲಿಲ್ಲ. ಕಣ್ಣು ತುಂಬಿ ಬಂದಂತಾಗಿ, "ಬೀಗರಾದ ಶ್ರೀಮಾನ್ ಗುರುಮಲ್ಲಪ್ಪನವರು" ಎಂದು ದಪ್ಪಕ್ಷರದಲ್ಲಿ ಹೊಡೆದ.

ಕಡೆಗೆ ಯಂತ್ರ ಇಂಗ್ಲಿಷಿನಲ್ಲಿ ಏನೋ ಒಂದು ಕೇಳಿತು. ಕೆಲಸದ ಕಡೆಯಲ್ಲಿ ಯಾರು ಏನು ಕೇಳಿದರೂ ಪ್ರೆಸ್ಸಿನವರ ಉತ್ತರ ಒಂದೇ. ಅವನು ಓಕೆ ಒತ್ತಿದ. ಅದು ಕೇಳಿದ್ದು, ಜೊತೆಗಾರ ಶಾಲೆಯ ಆಟಕ್ಕೂ ಇದನ್ನೇ, ಮುಂದೆ ಮಾಡುವ ಬದಲಾವಣೆಗಳ ಸಮೇತ, ಕಳಿಸಲೇ ಎಂದು. ಕೋಮಲಳ ಶಾಲೆಗೆ ಜೊತೆಗಾರ ಶಾಲೆ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಾರನೆಯ ದಿನ ಸಂಜೆ ಕೋಮಲ ಸ್ಕೂಲಿನಿಂದ ಬಂದವಳು ಬ್ಯಾಗನ್ನು ದಿವಾನದ ಮೇಲೆ ಎಸೆದಳು.

"ಕ್ಲಾಸಲ್ಲಿ ಮರ್ಯಾದೆ ಹೋಯ್ತು ಅಪ್ಪ! ಲ್ಯಾಪ್‌ಟಾಪ್ ತೆಗೆದ್ರೆ ಮಕ್ಕಳೆಲ್ಲ ಹೋ ಅಂತ ನಗ್ತಾರೆ. 'ಮಿಸ್, ನಿಮ್ಮ ಮನೆಯವ್ರೇ ಭೂಮಿ ಅಂತೆ' ಅಂತಾರೆ."

"ಹೆಸರು ನಿಂತ್ವೋ ಇಲ್ವೋ, ಅದು ಹೇಳು."

"ನಿಂತ್ವು," ಎಂದಳು ಒಲ್ಲದ ಮನಸ್ಸಿನಿಂದ. "ಯಾವುದು ಎಲ್ಲಿದೆ, ಹೆಂಗೆ ಸುತ್ತುತ್ತೆ, ಎಲ್ಲಾ ಪಟಪಟ ಹೇಳಿದ್ರು. ಶುಕ್ರವಾರ ಟೆಸ್ಟ್ ಇದೆ. ಅದು ಮುಗಿಯೋ ತನಕ ಇಟ್ಟು ಆಮೇಲೆ ಅಳಿಸ್ತೀನಿ. ನೀವು ಮಾತ್ರ ಇನ್ನು ಮುಟ್ಟಬೇಡಿ."

ಚಿಕ್ಕಸ್ವಾಮಿಗೆ ಹೆಮ್ಮೆಯಿಂದ ಕಾಲು ನೆಲಕ್ಕೆ ತಾಗದ ಹಾಗಾಯಿತು. ರಾತ್ರಿ ಊಟದೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿಸಿ ಬಂದ.

ಹದಿನಾರಿನಲ್ಲಿ ಅವನ ಅಕ್ಕ ಶಿವನಂಜಮ್ಮನ ಮನೆ ಇರುವುದು ಹೈಸ್ಕೂಲಿನ ದಾರಿಯಲ್ಲೇ. ಮೂರನೆಯ ದಿನ ಬೆಳಗ್ಗೆ ಮೊದಲನೇ ಬಸ್ಸಿನಲ್ಲಿ ಆಕೆ ನಂಜನಗೂಡಿಗೆ ಬಂದು ಇಳಿದರು. ಚಪ್ಪಲಿ ಬಿಡಲಿಲ್ಲ, ನೀರು ಕುಡಿಯಲಿಲ್ಲ.

"ಯಾಕ್ಲಾ ಚಿಕ್ಕ, ನಾನು ಯಾವಾಗ್ಲಾ ಉಲ್ಟಾ ತಿರುಗ್ದೆ?"

"ಯಾರಕ್ಕ ಹಂಗಂದೋರು?"

"ಊರ್ ಐಕಳೆಲ್ಲಾ ಅಂತಾವೆ! ಬಾಗಿಲಿಗೆ ರಂಗೋಲಿ ಬುಡ್ತಿದ್ರೆ ಮುಂದ್ಗಡೆ ನಿಂತ್ಕಂಡು, 'ಎಲ್ಲಾರೂ ಒಂದ್ ಕಡೀಕ್ ತಿರುಗುದ್ರೆ ಶಿವನಂಜಮ್ಮ ಒಬ್ರೇ ಉಲ್ಟಾ ತಿರುಗ್ತಾರೆ, ಮೈಯೆಲ್ಲಾ ಬೆಂಕಿ' ಅಂತ ರಾಗವಾಗಿ ಏಳ್ತಾವೆ. ನಿನ್ನ ಮಗಳ ಇಸ್ಕೂಲಲ್ಲಿ ಏಳ್ಕೊಟ್ರಂತೆ. ನಿನ್ನ ಸಾಕಿದ್ದು ನಾನು ಕಣ್ಲಾ!"

ಕೋಮಲ ಅಡಿಗೆ ಮನೆಯಿಂದ ಓಡಿ ಬಂದು, "ಅತ್ತೆ, ಅದು ಶುಕ್ರಗ್ರಹದ ಗುಣ, ನಿಮ್ದಲ್ಲ," ಎಂದಳು.

"ಯಾರ ಗುಣ ಅಂತ ಐಕಳಿಗೆ ಗೊತ್ತಾದದಾ?" ಎಂದು ಶಿವನಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಉಟ್ಟಿದ್ ಮನೇಲಿ ನಂಗೊಂದು ಸರಿಯಾದ್ ಜಾಗ ಇಲ್ದಂಗಾಯ್ತಲ್ಲ."

ಈ ಮಾತಿಗೆ ಯಾವ ತಮ್ಮ ತಾನೇ ಎದುರು ನಿಂತಾನು? ಕೋಮಲ ಕೈ ತಡೆಯುವಷ್ಟರಲ್ಲಿ ಚಿಕ್ಕಸ್ವಾಮಿ "ಸಮಸ್ತ ಬಂಧುಮಿತ್ರರು" ಎಂಬುದನ್ನು ಅಳಿಸಿ, ಅಕ್ಕನನ್ನು ಶುಕ್ರನಿಂದ ಎತ್ತಿ ಗುರುವಿನಲ್ಲಿ ಕೂರಿಸಿದ. ಎಲ್ಲ ಗ್ರಹಗಳನ್ನು ಸೇರಿಸಿ ತೂಗಿದರೂ ಗುರುವಿನ ಸಮಕ್ಕೆ ಬರುವುದಿಲ್ಲವೆಂದು ಕೋಮಲ ವಿವರಿಸಿದ ಮೇಲೆ ಶಿವನಂಜಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಕಾಫಿ ಕುಡಿದರು. ಹೋಗುವಾಗ ಬಸ್ ಸ್ಟ್ಯಾಂಡಿನವರೆಗೆ ಕಂಡವರಿಗೆಲ್ಲ, "ನಮ್ ತಮ್ಮ ನಂಗೆ ಗುರು ಕೊಟ್ಟವನೆ," ಎಂದು ಹೇಳಿಕೊಂಡು ಹೋದರು.

ಅದನ್ನು ಕೇಳಿಸಿಕೊಂಡವಳು ಪಕ್ಕದ ಮನೆಯ ರಾಣಿ. ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದಳು.

"ಅಣ್ಣ, ಗುರುವಿಗೆ ತೊಂಬತ್ತಕ್ಕೂ ಮೇಲೆ ಚಂದ್ರ ಇದಾವಂತೆ. ಕೋಮಲನೇ ಹೇಳಿದ್ದು. ಅಷ್ಟೊಂದರಲ್ಲಿ ನಮಗೊಂದು ಕೊಡಕ್ಕಾಗಲ್ವಾ? ಅವಳ ರವಿಕೆ ನಾಳೆಗೇ ಬೇಕು ಅಂತೀರಿ."

ಚಿಕ್ಕಸ್ವಾಮಿ ಒಂದು ಚಂದ್ರ ಕೊಟ್ಟ. ಅಲ್ಲಿಂದ ಬಾಗಿಲು ತೆರೆದಂತಾಯಿತು. ಹಾಲಿನವನು ಕೇಳಿದ, ಎದುರು ಮನೆಯ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರು ಕೇಳಿದರು. ಈ ಇನ್ಸ್‌ಪೆಕ್ಟರು ಸರ್ವಿಸ್ಸಿನ ಚಟ ಬಿಡದೆ, ತಮ್ಮ ಚಂದ್ರನಿಗೆ ಚಕ್ಕುಬಂದಿ ಯಾವುದು, ಪೂರ್ವಕ್ಕೆ ಯಾರಿದ್ದಾರೆ, ಪಶ್ಚಿಮಕ್ಕೆ ಯಾರು ಎಂದು ವಿಚಾರಿಸಿದರು. ಅದು ತಿರುಗುತ್ತಿರುತ್ತದೆ ಎಂದದ್ದಕ್ಕೆ, "ತಿರುಗೋ ಜಮೀನನ್ನ ಅಳೆದು ಪೋಡಿ ಮಾಡೋದು ಹೆಂಗ್ರೀ?" ಎಂದು ರೇಗಿ, ನಿಂತಿರುವಂಥದ್ದೇ ಬೇಕೆಂದು ಹಟ ಹಿಡಿದರು. ಸೈಟು ಹಂಚುವ ದಿನ ಪುರಸಭೆಯ ಮುಂದೆ ಇರುವಷ್ಟು ಜನ ಚಿಕ್ಕಸ್ವಾಮಿಯ ಜಗಲಿಯ ಮೇಲೆ ಸೇರಿದರು.

ನಡುವೆ ಭಾಮೈದ ರಂಗನಾಯಕನ ಫೋನು ಬಂತು. "ಭಾವ, ಎಲ್ಲಾ ಗ್ರಹನೂ ನೆಟ್ಟಗೆ ನಿಂತು ತಿರುಗುದ್ರೆ ನಂದು ಒಂದೇ ಮಲ್ಕೊಂಡು ಉಳ್ಳಾಡ್ತದಂತೆ, ನಿಜವಾ?"

ನಿಜವೇ ಆಗಿತ್ತು. ಯುರೇನಸ್ ಪಕ್ಕಕ್ಕೆ ಮಲಗಿಕೊಂಡೇ ಸುತ್ತುವ ಗ್ರಹ. ರಂಗನಾಯಕನೂ ಒಂದು ಕಡೆ ಕೆಲಸಕ್ಕೆಂದು ನೆಟ್ಟಗೆ ನಿಂತವನಲ್ಲವಾದ್ದರಿಂದ ಊರಿನಲ್ಲಿ ಇದು ಬೇಕೆಂದೇ ಮಾಡಿದ್ದು ಎಂದಾಯಿತು. ಅವತ್ತಿನಿಂದ ಹೆಂಡತಿ ನಾಗರತ್ನ ಗಂಡನ ತಟ್ಟೆಯನ್ನು ಸದ್ದು ಮಾಡಿ ಇಡತೊಡಗಿದಳು. "ನನ್ನ ತವರಿನೋರು ಮಲ್ಕೊಂಡಿರ್ಬೇಕು, ನಿಮ್ಮಕ್ಕ ಮಾತ್ರ ಗುರು ಆಗ್ಬೇಕು. ಆಗ್ಲಿ ಬಿಡಿ. ಆ ಗುರುನೇ ಬಂದು ಮುದ್ದೆ ತಿರುವಲಿ." ಚಿಕ್ಕಸ್ವಾಮಿ ಎರಡು ದಿನ ಹೋಟೆಲಿನ ಇಡ್ಲಿ ತಿಂದ. ಒಳ್ಳೆಯದು ಮಾಡಹೋದ ತನಗೆ ಈ ಗತಿಯೇ ಎಂದು ಅವನಿಗೆ ಅಳು ಬಂದಿತ್ತು. ಆದರೆ ನಿಜವಾದ ಗ್ರಹಚಾರ ಇನ್ನೂ ನರಸೀಪುರದಲ್ಲಿ ಕಾದಿತ್ತು.

ದೀಪಕನ ಸ್ಕೂಲಿಗೆ ದಾನಿಗಳು ಯಾರೋ ದೊಡ್ಡ ಪರದೆ ಕೊಡಿಸಿದ್ದರು. ಅದರ ಉದ್ಘಾಟನೆ ಶುಕ್ರವಾರ ಬೆಳಗ್ಗೆಯೇ ಇತ್ತು. ಬಿಇಒ ಸಾಹೇಬರು ಮುಖ್ಯ ಅತಿಥಿ, ಗುರುಮಲ್ಲಪ್ಪನವರ ಅಧ್ಯಕ್ಷತೆ. ಬೀಗರಾಗುವವರು ಎಂಬ ಗೌರವಕ್ಕೆ ಚಿಕ್ಕಸ್ವಾಮಿಯನ್ನೂ ನಾಗರತ್ನಳನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಕೋಮಲ ಅವತ್ತು ಟೆಸ್ಟ್ ಇದ್ದುದರಿಂದ ಬರಲಿಲ್ಲ. ಊರಿನ ಪೋಷಕರೆಲ್ಲ ಶಾಮಿಯಾನದಡಿ ತುಂಬಿದ್ದರು.

ಶಾಲು ಹೊದೆಸಿ, ದೀಪ ಹಚ್ಚಿ, ಮೈಕು ಎರಡು ಸಲ ಕಿರುಚಿದ ಮೇಲೆ ಹೆಡ್‌ಮಾಸ್ಟರು ಕೋಲು ಹಿಡಿದು ಪರದೆಯ ಪಕ್ಕ ನಿಂತರು. "ಈಗ ನಮ್ಮ ಮಕ್ಕಳು ಆಟದ ಮೂಲಕ ಸೌರವ್ಯೂಹ ಹೆಂಗೆ ಕಲಿತಾರೆ ಅಂತ ತೋರಿಸ್ತೀವಿ," ಎಂದರು. ದೀಪಕ್ ಗುಂಡಿ ಒತ್ತಿದ. ಪರದೆಯ ತುಂಬ ಸೂರ್ಯ ಎದ್ದ. ಅದರ ಕೆಳಗೆ "ಶ್ರೀ ಶ್ರೀಕಂಠೇಶ್ವರ ಪ್ರಸನ್ನ" ಎಂದಿತ್ತು. ಭಕ್ತಿಯಿಂದ ನಾಲ್ಕು ಜನ ಕೈ ಮುಗಿದರು.

ಚಿಕ್ಕಸ್ವಾಮಿ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತ. ದೀಪಕನೂ ಅದನ್ನು ನೋಡಿದ್ದು ಆಗಲೇ. ಆದರೆ ಆಟದ ರಾಕೆಟ್ಟು ಹೊರಟುಬಿಟ್ಟಿತ್ತು. ಹೆಡ್‌ಮಾಸ್ಟರು ಪರದೆಗೆ ಬೆನ್ನು ಮಾಡಿ ಜನರ ಕಡೆ ತಿರುಗಿ ಭಾಷಣ ಮಾಡುವವರಾದ್ದರಿಂದ ಹೆಸರುಗಳನ್ನು ನೋಡಲೇ ಇಲ್ಲ. ಭೂಮಿ ದಾಟಿತು, ಶಿವನಂಜಮ್ಮನನ್ನು ಬಳಸಿ ರಾಕೆಟ್ಟು ರಂಗನಾಯಕನ ಪಕ್ಕದಲ್ಲಿ ಹಾದು, ಕತ್ತಲಲ್ಲಿ ಬಹಳ ದೂರ ಹೋಯಿತು. ನಾಗರತ್ನ ಗಂಡನ ತೋಳನ್ನು ಜಿಗುಟಿದಳು. ರಾಕೆಟ್ಟು ನಿಂತಿತು.

"ಇದು ಪ್ಲೂಟೋ," ಎಂದರು ಹೆಡ್‌ಮಾಸ್ಟರು.

ಬಿಇಒ ಸಾಹೇಬರು ಕನ್ನಡಕ ಸರಿ ಮಾಡಿಕೊಂಡು ಗಟ್ಟಿಯಾಗಿ ಓದಿದರು. "ಬೀಗರಾದ... ಶ್ರೀಮಾನ್... ಗುರುಮಲ್ಲಪ್ಪನವರು." ಆಮೇಲೆ ತಮ್ಮ ಸಾಮಾನ್ಯ ಜ್ಞಾನ ತೋರಿಸುವ ಉತ್ಸಾಹದಲ್ಲಿ, "ಇದನ್ನ ಗ್ರಹಗಳ ಪಟ್ಟಿಯಿಂದ ತೆಗೆದುಹಾಕಿದಾರಲ್ವಾ ಹೆಡ್‌ಮಾಸ್ಟರೇ?" ಎಂದರು.

"ಹೌದು ಸಾರ್. ಯೋಗ್ಯತೆ ಸಾಲ್ದು ಅಂತ ಬಹಳ ಹಿಂದೇನೇ ತೆಗೆದ್ರು. ಗಾತ್ರ ಕಮ್ಮಿ, ಬೇರೆಯವರ ದಾರಿಗೆ ಅಡ್ಡ ಬರ್ತದೆ. ಒಳಗೆ ನೋಡಿದ್ರೆ ಕಲ್ಲು, ಮೇಲೆಲ್ಲಾ ಮಂಜುಗಡ್ಡೆ."

ದೀಪಕ್ ಓಡಿ ಹೋಗಿ ಬೆಳಕಿಗೆ ಅಡ್ಡ ನಿಂತ. ಆಗ ಅಪ್ಪನ ಹೆಸರು ಅವನ ಬಿಳಿ ಅಂಗಿಯ ಮೇಲೆ ಇನ್ನೂ ದಪ್ಪವಾಗಿ ಕಂಡಿತು. ಹಿಂದಿನ ಸಾಲಿನ ಯಾರೋ ಒಬ್ಬ ತಡೆಯಲಾರದೆ ನಕ್ಕ. ಒಬ್ಬ ನಕ್ಕದ್ದೇ ತಡ, ಇಡೀ ಶಾಮಿಯಾನ ನಕ್ಕಿತು. ಹೆಡ್‌ಮಾಸ್ಟರು ಹಿಂದೆ ತಿರುಗಿ ನೋಡಿ, ಕೋಲನ್ನು ಕೆಳಗೆ ಹಾಕಿ, ನೀರು ಕುಡಿಯಲು ಹೋದವರು ಮತ್ತೆ ಬರಲಿಲ್ಲ.

ಗುರುಮಲ್ಲಪ್ಪನವರು ಎದ್ದರು. ಹೊದೆಸಿದ್ದ ಶಾಲನ್ನು ನಿಧಾನವಾಗಿ ಮಡಿಸಿ ಕುರ್ಚಿಯ ಮೇಲಿಟ್ಟರು. ಚಿಕ್ಕಸ್ವಾಮಿಯ ಮುಂದೆ ಬಂದು ನಿಂತು, ಬಹಳ ಮರ್ಯಾದೆಯಿಂದ, "ಬೀಗರೇ, ಊಟ ಮಾಡ್ಕಂಡೇ ಓಗಿ. ವೀಳ್ಯದ ಇಚಾರ ಮುಂದ್ಕ್ ನೋಡಾಣ," ಎಂದು ಹೇಳಿ ಹೊರಟುಹೋದರು.

ಅವತ್ತು ಸಂಜೆ ಚಿಕ್ಕಸ್ವಾಮಿಯ ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕೋಮಲ ಎಲ್ಲ ಕೇಳಿಸಿಕೊಂಡು, "ಇರ್ಲಿ ಬಿಡಿ ಅಪ್ಪ," ಎಂದಷ್ಟೇ ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಹುಡುಗನ ಫೋನು ಬಂದಾಗ ಅವಳ ಮುಖ ಅರಳುತ್ತಿದ್ದುದನ್ನು ಚಿಕ್ಕಸ್ವಾಮಿ ಎಷ್ಟೋ ಸಲ ನೋಡಿಯೂ ನೋಡದವನಂತೆ ಇದ್ದ. ತನ್ನ ಕೈಯಾರೆ ಆ ಮುಖ ಬಾಡಿಸಿದೆನಲ್ಲ ಎಂದು ಅವನಿಗೆ ತುಂಬಾ ಸಂಕಟವಾಯಿತು. ಊರವರ ಹೆಸರೆಲ್ಲ ಸರಿಯಾದ ಜಾಗದಲ್ಲಿ ಕೂರಿಸಿದವನಿಗೆ ಒಬ್ಬ ಬೀಗರನ್ನು ಕೂರಿಸಲು ಬರಲಿಲ್ಲ.

ಇಂಥ ಸಂದರ್ಭದಲ್ಲಿ ಮನೆಯ ಹಿರಿಯರು ಹೋಗಿ ಮಾತಾಡುವುದು ಪದ್ಧತಿ. ಹಿರಿಯರು ಎಂದರೆ ಶಿವನಂಜಮ್ಮ. ಭಾನುವಾರ ರಸಬಾಳೆಯ ಗೊನೆ, ಎಲೆ ಅಡಿಕೆ ಹಿಡಿದುಕೊಂಡು ಹೊರಟರು. ಬೀಗರ ಕಣ್ಣೆದುರೇ ಹೆಸರು ಬದಲಾಯಿಸಬೇಕೆಂದು ಚಿಕ್ಕಸ್ವಾಮಿ, ಕೋಮಲ ಇನ್ನೂ ಏನೂ ಅಳಿಸಿರದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದ. ಕೋಮಲಳೂ ಚಪ್ಪಲಿ ಹಾಕಿಕೊಂಡಳು.

"ವೀಳ್ಯಕ್ ಮುಂಚೆ ಎಣ್ಣು ಗಂಡಿನ ಮನೆಗೆ ಬತ್ತಳಾ? ಸುಮ್ಕಿರು," ಎಂದು ಶಿವನಂಜಮ್ಮ ತಡೆದರು.

"ನಾನು ಬರ್ದೆ ಇದ್ರೆ ಅಪ್ಪ ಅಲ್ಲಿ ಇನ್ನೊಂದು ಓಕೆ ಒತ್ತುತ್ತಾರೆ ಅತ್ತೆ," ಎಂದಳು ಕೋಮಲ. ಶಿವನಂಜಮ್ಮ ಎಲೆ ಅಡಿಕೆಯ ಚೀಲವನ್ನು ಅವಳ ಕೈಗೆ ಕೊಟ್ಟರು.

ಗುರುಮಲ್ಲಪ್ಪನವರು ನಡುಮನೆಯಲ್ಲಿ ಕೂತಿದ್ದರು. ಬನ್ನಿ ಎಂದರು, ಕೂತ್ಕಳಿ ಎಂದರು, ಕಾಫಿ ತರಿಸಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿಕೊಂಡು ಕೂತರು. ದೀಪಕ್ ಬಾಗಿಲ ಹತ್ತಿರ ನಿಂತು ಕೋಮಲಳನ್ನು ನೋಡಿದ. ಕೋಮಲ ಬಾಳೆಗೊನೆಯನ್ನು ನೋಡಿದಳು.

"ಬೀಗರೇ, ತಾವು ತಪ್ಪು ತಿಳ್ಕೋಬಾರ್ದು," ಎಂದು ಚಿಕ್ಕಸ್ವಾಮಿ ಶುರು ಮಾಡಿದ. "ಅಷ್ಟು ದೂರದಲ್ಲಿ ಹಾಕಿದ್ದೇ ಮರ್ಯಾದೆಗೆ. ಎಷ್ಟು ಜಾಗ ಬಿಟ್ಟಿದೀನಿ ನೋಡಿ. ಸುತ್ತ ಒಬ್ರೂ ಇಲ್ಲ."

"ಸುಡುಗಾಡಲ್ಲೂ ಒಬ್ರೂ ಇರಾಕಿಲ್ಲ ಬೀಗರೇ."

"ಹಂಗಲ್ಲ, ತಣ್ಣಗಿರುತ್ತೆ..."

"ಬೆಳಕು ಬತ್ತದಾ?"

ಚಿಕ್ಕಸ್ವಾಮಿ ಮಗಳ ಮುಖ ನೋಡಿದ. "ಬರುತ್ತೆ. ಸ್ವಲ್ಪ ತಡವಾಗಿ."

"ಪಂಪ್‌ಸೆಟ್ಟಿಗೆ ಕರೆಂಟೂ ಅಂಗೇ ಬತ್ತದೆ. ಅದ್ಕೆ ಅಷ್ಟು ದೂರ ಓಗ್ಬೇಕಾಗಿತ್ತಾ?"

ಚಿಕ್ಕಸ್ವಾಮಿ ಬೆವರೊರೆಸಿಕೊಂಡು ಲ್ಯಾಪ್‌ಟಾಪ್ ತೆರೆದು ಅವರ ಮುಂದಿಟ್ಟ. "ತಪ್ಪಾಯ್ತು. ಯಾವುದು ಬೇಕೋ ಅದನ್ನ ತೋರ್ಸಿ, ಈಗ್ಲೇ ಬದಲಾಯಿಸ್ತೀನಿ."

ಗುರುಮಲ್ಲಪ್ಪನವರು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳನ್ನು ಗುರುಗ್ರಹದ ಮೇಲೆ ಇಟ್ಟರು. "ಇದು ಯಾರ್ದು?"

"ನಂದು," ಎಂದರು ಶಿವನಂಜಮ್ಮ.

"ನಾವು ಗಂಡಿನ ಕಡೆಯೋರು."

"ನಾನು ಎಣ್ಣಿನ ಸ್ವಾದರತ್ತೆ."

"ನೋಡಿ ಅಮ್ಮ, ನಿಮ್ ನಂಜನಗೂಡಿನ ಕಪಿಲೆ ಒಳೆನೇ ನಮ್ಮೂರ್ಗಂಟ ಬಂದು ಸೇರ್ಕತದೆ. ನೀವು ವಸಿ ಬುಟ್ಕೊಟ್ರೆ ತಪ್ಪೇನು?"

"ಸೇರ್ಕಳಾದು ಒಳೆ. ನಾನಲ್ಲ," ಎಂದು ಶಿವನಂಜಮ್ಮ ಎಲೆಗೆ ಸುಣ್ಣ ಸವರಿದರು.

ಗಾಬರಿಯಲ್ಲಿ ಚಿಕ್ಕಸ್ವಾಮಿಗೆ ಏನು ಹೇಳುತ್ತಿದ್ದೇನೆಂಬ ಎಚ್ಚರವೇ ಉಳಿಯಲಿಲ್ಲ. "ಬೀಗರೇ, ಇದರ ಪಕ್ಕದ್ದು ಖಾಲಿ ಇದೆ. ಇದಾದ ಮೇಲೆ ಅದೇ ದೊಡ್ಡದು. ಸುತ್ತ ಬಳೆ ಬೇರೆ ಇದೆ, ತಮಗೆ ಹೇಳಿ ಮಾಡಿಸಿದಂಗಿದೆ."

"ಎಸರೇನು ಅದ್ರದ್ದು?"

"ಶನಿ."

ಗುರುಮಲ್ಲಪ್ಪನವರು ಎದ್ದು ನಿಂತರು. ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಕೋಮಲ ಕಣ್ಣು ಮುಚ್ಚಿಕೊಂಡಳು. ಮದುವೆ ಮುರಿದೇ ಹೋಯಿತು ಎಂದು ಚಿಕ್ಕಸ್ವಾಮಿ ಬಾಳೆಗೊನೆಯ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಿಸಿದ.

ಆಗ ದೀಪಕ್ ಮುಂದೆ ಬಂದ. "ಅಪ್ಪಾಜಿ, ಒಂದ್ ನಿಮಿಷ. ಇದು ಆಟ. ಇದರಲ್ಲಿ ಇನ್ನೊಂದು ಗುರು ಮಾಡ್ಬೌದು. ಈ ಅಮ್ಮೋರಿಗೆ ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡದು. ಒಂದು ಗುಲಗಂಜಿ ತೂಕನೂ ಹೆಚ್ಚು ಕಮ್ಮಿ ಬರಲ್ಲ." ಅವನು ಕೋಮಲಳ ಪಕ್ಕ ಕೂತು ಎರಡು ಗುಂಡಿ ಒತ್ತಿದ. ಪರದೆಯ ಮೇಲೆ ಎರಡನೆಯ ಗುರುಗ್ರಹ ಹುಟ್ಟಿತು. ಅದರ ಮೇಲೆ ಗುರುಮಲ್ಲಪ್ಪನವರ ಹೆಸರು ಬಿತ್ತು.

ಗುರುಮಲ್ಲಪ್ಪನವರು ಕೂತರು. ಅಂಗೈಯಿಂದ ಅಳೆದು ನೋಡಿದರು. ತಪ್ಪು ಸಿಗಲಿಲ್ಲ. ಆದರೂ ಒಂದು ಮಾತು ಹೇಳದಿದ್ದರೆ ಗಂಡಿನ ಕಡೆಯವರು ಎಂಬುದಕ್ಕೆ ಅರ್ಥವೇನು?

"ಎಲ್ಲಾ ಸರಿ, ಇಂದ್ಗಡೆ ಆಯ್ತು. ಮುಂದ್ಲ ಸಾಲಲ್ಲಿ ಜಾಗ ಇಲ್ವಾ? ದೇವರ ಅತ್ರಕ್ಕೆ?"

ದೀಪಕ್ ಅಪ್ಪನನ್ನು ಎಳೆದು ಮುಂದಕ್ಕೆ ತಂದು ಭೂಮಿಯ ಪಕ್ಕದಲ್ಲಿ ಬಿಟ್ಟ.

"ಅವ್ರು ಮುಂದಕ್ಕೆ ಬಂದ್ರೆ ನಾನೂ ಮುಂದಕ್ಕೇ," ಎಂದರು ಶಿವನಂಜಮ್ಮ. ಅವರನ್ನೂ ಮುಂದಕ್ಕೆ ತಂದದ್ದಾಯಿತು. ಭೂಮಿಯ ಎಡಕ್ಕೊಂದು ಬಲಕ್ಕೊಂದು ಎರಡು ಗುರುಗಳು, ನಡುವೆ ಭೂಮಿ ಅವಲಕ್ಕಿ ಕಾಳಿನಷ್ಟು.

ಕೋಮಲ ಮೊದಲ ಸಲ ಬಾಯಿ ಬಿಟ್ಟಳು. "ಇಷ್ಟು ದೊಡ್ಡವರು ಇಬ್ರು ಪಕ್ಕದಲ್ಲಿ ಕೂತ್ರೆ ಭೂಮಿ ಉಳಿಯಲ್ಲ. ಎಳೆದಾಡಿ ಆಚೆಗೆ ಬಿಸಾಕಿಬಿಡ್ತವೆ."

"ಭೂಮಿ ಯಾರ್ದು?" ಎಂದು ಕೇಳಿದರು ಗುರುಮಲ್ಲಪ್ಪನವರು.

"ನಮ್ದು," ಎಂದ ಚಿಕ್ಕಸ್ವಾಮಿ ನೆಲದಿಂದಲೇ.

"ನಿಮ್ದೇ ಅಂದ್ಮೇಲೆ ಇನ್ನೇನು? ಎಣ್ಣೆತ್ತೋರು ವಸಿ ಅಡ್ಜಸ್ಟ್ ಮಾಡ್ಕಬೇಕು ಕಣ್ರೀ. ಓಡ್ಸಪ್ಪ ದೀಪಕ್, ನೋಡಾಣ."

ದೀಪಕ್ ಓಡಿಸಿದ. ಎರಡು ದೊಡ್ಡ ಗುರುಗಳು ಒಂದನ್ನೊಂದು ಸುತ್ತತೊಡಗಿದವು. ನಡುವೆ ಸಿಕ್ಕಿಕೊಂಡ ಭೂಮಿ ಅತ್ತ ಹೋಯಿತು, ಇತ್ತ ಬಂತು, ಚಂದ್ರನನ್ನು ಎಲ್ಲೋ ಕಳೆದುಕೊಂಡಿತು, ಒಂದು ಸಲ ಮೈ ಕೊಡವಿದಂತೆ ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ಕತ್ತಲ ಕಡೆಗೆ ಹೊರಟೇ ಹೋಯಿತು. ಕೋಮಲಳ ಭುಜ ಅಲುಗುತ್ತಿತ್ತು. ಮಗಳು ಅಳುತ್ತಿದ್ದಾಳೆಂದು ಚಿಕ್ಕಸ್ವಾಮಿ ದಡಬಡಿಸಿ ಎದ್ದು ನೋಡಿದರೆ, ಅವಳೂ ಆ ಹುಡುಗನೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವಳ ನಗು ನೋಡಿ ಶುಕ್ರವಾರದಿಂದ ಅವನ ಎದೆಯ ಮೇಲಿದ್ದ ಭಾರ ಇಳಿಯಿತು.

ಶಿವನಂಜಮ್ಮ ತಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು. "ನೋಡ್ಲಾ, ನಿನ್ ಬೀಗ ನನ್ ಸುತ್ತ ಎಂಗ್ ಸುತ್ತಾವ್ನೆ."

ಈ ಕಡೆಯಿಂದ ಗುರುಮಲ್ಲಪ್ಪನವರು ತೊಡೆ ತಟ್ಟಿದರು. "ನೋಡಿ ಬೀಗರೇ, ನಿಮ್ಮಕ್ಕೋರು ನನ್ ಸುತ್ತನೇ ಬತ್ತಾವ್ರೆ!"

ಚಿಕ್ಕಸ್ವಾಮಿ ಇಬ್ಬರಿಗೂ ಹೌದು ಎಂದ. ಪರದೆಯ ಮೂಲೆಯಲ್ಲಿ "ನಾವು ಮನೆಯವರು" ಎಂಬ ಹೆಸರು ಹೊತ್ತ ಒಂದು ನೀಲಿ ಚುಕ್ಕೆ ಬೀಗರಿಲ್ಲದ, ಅಕ್ಕ ಇಲ್ಲದ, ಭಾಮೈದನೂ ಇಲ್ಲದ ಕತ್ತಲಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಅದನ್ನು ನೋಡಿ ಅವನಿಗೆ ಹೊಟ್ಟೆಕಿಚ್ಚಾಯಿತು.

"ಭೂಮಿ ಮತ್ತೆ ಬರಲ್ವಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ ಮಾವ. ಹೋಯ್ತು," ಎಂದ ದೀಪಕ್.

ಗುರುಮಲ್ಲಪ್ಪನವರು ಪರದೆಯಿಂದ ಕಣ್ಣು ತೆಗೆಯದೆ, ಬಾಳೆಗೊನೆಯಿಂದ ಒಂದು ಹಣ್ಣು ಮುರಿದುಕೊಂಡರು.

"ಭೂಮಿ ಓಗ್ಲಿ ಬುಡಿ ಬೀಗರೇ. ವೀಳ್ಯಕ್ಕೆ ನಮ್ ಕಡೆಯಿಂದ ಎಷ್ಟು ಬಸ್ ಮಾಡಾಣ, ಅದ್ ಏಳಿ."